ಒಂದು ‘ಇ’ ಹೆಚ್ಚಾದರೆ ವಧು

ನಿಶ್ಚಿತಾರ್ಥದ ಆಮಂತ್ರಣವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸುವ ರೂಢಿ ನಮ್ಮ ಕುಟುಂಬಗಳಲ್ಲಿಯೂ ಉಂಟು. ವರ ಕಲಬುರಗಿಯವನು, ವಧು ಕೆಂಪು ಬಾಳೆಗೆ ಹೆಸರಾದ ಕಮಲಾಪುರದವಳು ಎಂದಿಟ್ಟುಕೊಳ್ಳಿ. ಇಬ್ಬರಿಗೂ ‘ಫಿಯಾನ್ಸೆ’ ಎನ್ನುತ್ತೇವೆ. ಉಚ್ಚಾರಣೆ ಒಂದೇ, ಬರಹದಲ್ಲಿ ಮಾತ್ರ ವರನಿಗೆ ಕೊನೆಯಲ್ಲಿ ಒಂದು ‘ಇ’, ವಧುವಿಗೆ ಎರಡು. ಅಕ್ಷರವೊಂದು ಬಿಟ್ಟುಹೋದರೆ ಕಮಲಾಪುರದ ಕನ್ಯೆ ಗಂಡಾಗುತ್ತಾಳೆ! ಕನ್ನಡ ಲಿಪಿಯಲ್ಲಿ ಈ ಭೇದ ಕಾಣಿಸದು. ವರ, ವಧು ಎಂಬ ಬೇರೆ ಪದಗಳೇ ಇರುವ ನಮಗೆ ಆ ತೊಡಕೂ ಇಲ್ಲ.

19ನೆಯ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ. ‘ನಂಬು’ ಎಂಬುದು ಅದರ ಮೂಲಾರ್ಥ. ಧರ್ಮಸಭೆಯು ವಿಶ್ವಾಸವನ್ನು ಹೆಸರಿಸುವ ‘ಫೀದೆಸ್’ ಕೂಡ ಅದೇ ಕುಲದ್ದು. ನಮ್ಮ ‘ನಿಶ್ಚಿತಾರ್ಥ’ದಲ್ಲಿ ಹಿರಿಯರು ಕೂಡಿ ಗೊತ್ತುಪಡಿಸಿದ ಧ್ವನಿಯಿದ್ದರೆ, ಅದರಲ್ಲಿ ಇಬ್ಬರು ಪರಸ್ಪರ ಕೊಟ್ಟ ಮಾತಿನ ಧ್ವನಿಯಿದೆ.

ಮಾತು ಕೊಟ್ಟ ಮೇಲೆ ಮನಸ್ಸು ಒಪ್ಪದಿದ್ದರೆ? ಉಂಗುರ ತೊಡಿಸಿಯಾಯಿತು, ಜನ ಏನೆಂದಾರು ಎಂದು ಮಗಳನ್ನು ಸುಮ್ಮನಾಗಿಸುವ ತಂದೆತಾಯಿಗಳುಂಟು. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 1062ನೆಯ ವಿಧಿಯಂತೆ, ವಿವಾಹದ ವಾಗ್ದಾನವನ್ನು ಮುಂದಿಟ್ಟು ವಿವಾಹವೇ ನಡೆಯಬೇಕೆಂದು ವ್ಯಾಜ್ಯ ಹೂಡುವಂತಿಲ್ಲ. ನಷ್ಟವಾಗಿದ್ದರೆ ಪರಿಹಾರ ಕೇಳಬಹುದು, ಅಷ್ಟೆ. ಬಲಾತ್ಕಾರದಿಂದ ಅಥವಾ ಹೊರಗಿನಿಂದ ಹೇರಿದ ಘೋರ ಭಯದಿಂದ ನಡೆದ ವಿವಾಹವು 1103ನೆಯ ವಿಧಿಯಂತೆ ಅಸಿಂಧು. ವಿವಾಹಕ್ಕೆ ಮುನ್ನ ಗುರುಗಳು ವಧೂವರರನ್ನು ವಿಚಾರಿಸುವುದು ಬರಿಯ ಕಾಗದಪತ್ರದ ಶಾಸ್ತ್ರವಲ್ಲ. ಕಮಲಾಪುರದ ಆ ಹುಡುಗಿ ಅಲ್ಲಿ ‘ಒಲ್ಲೆ’ ಎಂದರೆ, ಅಚ್ಚಾದ ಪತ್ರಗಳು ಕಟ್ಟು ಬಿಚ್ಚದೆ ಉಳಿದರೂ ಸರಿ, ಮದುವೆ ನಿಲ್ಲಬೇಕು.