ಜೂನ್ ಒಂದರ ಹುಡುಗರು

ಹುಬ್ಬಳ್ಳಿಯ ದಕ್ಷಿಣದ ಅಂಚಿಗೆ, ಬೆಂಗಳೂರು ರಸ್ತೆಯಿಂದ ಧಾರವಾಡದ ಕಡೆ ಬೈಪಾಸ್ ಕವಲೊಡೆಯುವಲ್ಲಿ ಗಬ್ಬೂರ. ಅಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನಂತೆ ಓಡುತ್ತಿದ್ದಾನೆ ಅಂದುಕೊಳ್ಳಿ. ನಿಂತು ನೋಡುವವರ ಬಾಯಲ್ಲಿ ಒಂದೇ ಮಾತು: "ಈ ಹುಡುಗ ಮುಂದ ಬರ್ತಾನ ನೋಡ್ರಿ." ಮುಂದೆ ಅಂದರೆ ಎಲ್ಲಿಗೆ? ಭಾರತ ತಂಡದ ಮಾತು ಬಿಡೋಣ. ಐದಾರು ವರ್ಷ ಕಳೆದ ಮೇಲೆ ಯಾವುದಾದರೂ ಡಿಗ್ರಿ ಕಾಲೇಜಿನ ತಂಡದಲ್ಲಿದ್ದು, ಕರ್ನಾಟಕ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಕ್ಕೆ ಇಳಿದಾನೆಯೇ? ಇಷ್ಟು ಸಣ್ಣ ಪ್ರಶ್ನೆಯೂ ಭವಿಷ್ಯ ನುಡಿಯುವವರ ಕೈಗೆ ಸಿಗುವುದಿಲ್ಲ.

ಅಮೆರಿಕದಲ್ಲಿ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಎಂಬ ಸಂಸ್ಥೆ ಈ ಲೆಕ್ಕ ಇಡುತ್ತ ಬಂದಿದೆ. ಹೈಸ್ಕೂಲಿನಲ್ಲಿ ಫುಟ್‌ಬಾಲ್ (ಅಲ್ಲಿಯವರ ಬಾಯಲ್ಲಿ ಸಾಕರ್) ಆಡುವ ಹುಡುಗರ ಪೈಕಿ ಅದರ ಕಾಲೇಜು ತಂಡಗಳನ್ನು ಸೇರುವವರು ನೂರಕ್ಕೆ ಐದಾರು ಜನ. ಇಲ್ಲೊಂದು ತಮಾಷೆ ಇದೆ. ಚೆಂಡನ್ನೇ ನೋಡದ ಯಾರೋ ಒಬ್ಬರು ಮನೆಯಲ್ಲಿ ಕೂತು "ಇವನೂ ಆಗುವುದಿಲ್ಲ, ಅವನೂ ಆಗುವುದಿಲ್ಲ" ಎಂದು ನೂರು ಹೆಸರಿಗೂ ಗೀಟು ಎಳೆದರೆ, ಅವರ ಮಾತು ತೊಂಬತ್ನಾಲ್ಕು ಸಲ ನಿಜವಾಗುತ್ತದೆ! ಆದ್ದರಿಂದ ಯಾರಾದರೂ ತಮ್ಮ ಊಹೆ ನೂರಕ್ಕೆ ತೊಂಬತ್ತು ಸರಿ ಎಂದು ಹೇಳಿಕೊಂಡರೆ ಬೆರಗಾಗಬೇಕಿಲ್ಲ. ಆ ಆರು ಹುಡುಗರಲ್ಲಿ ಎಷ್ಟು ಜನರನ್ನು ಮೊದಲೇ ಗುರುತು ಹಿಡಿದಿದ್ದಿರಿ ಎಂದು ಕೇಳಬೇಕು.

ಹಾಗೆ ಗುರುತು ಹಿಡಿಯುವಾಗ ನಮ್ಮ ಕಣ್ಣಿಗೆ ಬೀಳುವುದು ಪ್ರತಿಭೆಯೇನಾ? 1980ರ ದಶಕದ ಒಂದು ಕಥೆ ಇದೆ. ಕೆನಡಾದ ರೋಜರ್ ಬಾರ್ನ್ಸ್‌ಲಿ ಎಂಬ ಮನೋವಿಜ್ಞಾನಿ ಹೆಂಡತಿ ಪೌಲಾ ಜೊತೆ ಐಸ್ ಹಾಕಿ ಪಂದ್ಯ ನೋಡಲು ಹೋಗಿದ್ದರು. ಕೈಯಲ್ಲಿದ್ದ ಆಟಗಾರರ ಪಟ್ಟಿ ಓದುತ್ತಿದ್ದ ಪೌಲಾ ಅವರಿಗೆ, ಹುಟ್ಟಿದ ತಿಂಗಳುಗಳಲ್ಲಿ ಜನವರಿ, ಫೆಬ್ರುವರಿ, ಮಾರ್ಚ್‌ಗಳೇ ಹೆಚ್ಚಾಗಿರುವುದು ಕಣ್ಣಿಗೆ ಬಿತ್ತು. ಕಾರಣ ಸರಳ. ಅಲ್ಲಿ ವಯಸ್ಸಿನ ಗುಂಪು ಕಟ್ಟುತ್ತಿದ್ದದ್ದು ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆ. ದೊಡ್ಡವನು ಆಯ್ಕೆಯಾಗುತ್ತಾನೆ, ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ ಸಿಗುತ್ತದೆ, ತರಬೇತಿ ಸಿಕ್ಕವನು ನಿಜವಾಗಿಯೂ ಚೆನ್ನಾಗಿ ಆಡತೊಡಗುತ್ತಾನೆ. ಬೆಲ್ಜಿಯಂನ ಫುಟ್‌ಬಾಲಿನಲ್ಲಿ ಗುಂಪು ಕಟ್ಟುವ ದಿನವನ್ನು 1997ರಲ್ಲಿ ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಿಸಿದರು. ಆಯ್ಕೆಯಾಗುವ 'ಪ್ರತಿಭಾವಂತ'ರ ಹುಟ್ಟುದಿನಗಳೂ ಆಗಸ್ಟ್ ಬಿಟ್ಟು ಜನವರಿಯ ಕಡೆಗೆ ಸರಿದವು. ಅಷ್ಟರಮಟ್ಟಿಗೆ ಪ್ರತಿಭೆಯನ್ನು ಹೆತ್ತದ್ದು ಕ್ಯಾಲೆಂಡರು.

ನಮ್ಮಲ್ಲೂ ಇದನ್ನು ಪರೀಕ್ಷಿಸೋಣ, ಹಳೆಯ ಕಾಲೇಜು ಆಟಗಾರರ ಜನ್ಮದಿನಾಂಕ ತೆಗೆಯೋಣ ಎಂದು ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಕರ್ನಾಟಕದಲ್ಲಿ ಒಂದು ತಲೆಮಾರಿನ ಹಿಂದಿನವರ ಶಾಲಾ ದಾಖಲೆ ನೋಡಿದವರಿಗೆ ಇದು ಗೊತ್ತು: ಊರಿಗೆ ಊರೇ ಜೂನ್ 1ರಂದು ಹುಟ್ಟಿದೆ. ಶಾಲೆ ಶುರುವಾಗುವುದು ಆಗಲೇ. ಹೆಸರು ಹಚ್ಚಲು ಬಂದ ತಾಯಿಗೆ ದಿನಾಂಕ ನೆನಪಿಲ್ಲ, "ದೊಡ್ಡ ಮಳಿ ಆದ ವರ್ಷ ರೀ" ಎಂಬುದಷ್ಟೇ ಉತ್ತರ. ಹೆಡ್‌ಮಾಸ್ತರು ಹುಡುಗನನ್ನು ಮೇಲಿಂದ ಕೆಳಗೆ ನೋಡಿ ಜೂನ್ 1 ಎಂದು ಬರೆದರು, ಇಸವಿಯನ್ನು ಲೆಕ್ಕಕ್ಕೆ ಹೊಂದಿಸಿದರು. ಇದನ್ನು ಮೋಸ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಹುಡುಗ ಶಾಲೆಯಿಂದ ಹೊರಗುಳಿಯಲಿಲ್ಲವಲ್ಲ. ಆದರೆ ಆ ದಾಖಲೆ ಇಟ್ಟುಕೊಂಡು ಬಾರ್ನ್ಸ್‌ಲಿಯ ಲೆಕ್ಕ ಮಾಡಲು ಬರುವುದಿಲ್ಲ. ಈಗಿನ ಮಕ್ಕಳಿಗೆ ಜನನ ಪ್ರಮಾಣಪತ್ರ ಇರುತ್ತದೆ, ಆ ತೊಡಕು ಸವೆಯುತ್ತಿದೆ.

ದಿನಾಂಕ ಸರಿಯಿದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಹದಿಮೂರು ತುಂಬಿದ ಇಬ್ಬರು ಹುಡುಗರ ಮೂಳೆಯ ವಯಸ್ಸಿನಲ್ಲಿ ಮೂರು ನಾಲ್ಕು ವರ್ಷಗಳ ಅಂತರ ಇರಬಹುದು. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಟ್ಯಾನರ್-ವೈಟ್‌ಹೌಸ್ ವಿಧಾನದಲ್ಲಿ ಮೂಳೆ ಎಷ್ಟು ಬಲಿತಿದೆ ಎಂದು ಅಳೆಯುತ್ತಾರೆ. 1994ರಲ್ಲಿ ಬಂದ ಖಾಮಿಸ್-ರೋಶ್ ಲೆಕ್ಕಕ್ಕೆ ಎಕ್ಸ್‌ರೇಯೂ ಬೇಡ: ಮಗುವಿನ ವಯಸ್ಸು, ಎತ್ತರ, ತೂಕ, ಅಪ್ಪ-ಅವ್ವನ ಎತ್ತರ ಕೊಟ್ಟರೆ, ಬೆಳೆದು ನಿಂತಾಗ ಎಷ್ಟು ಎತ್ತರವಾದಾನು, ಈಗ ಅದರಲ್ಲಿ ಎಷ್ಟು ಪಾಲು ಮುಗಿದಿದೆ ಎಂಬ ಅಂದಾಜು ಸಿಗುತ್ತದೆ. ಪಿ.ಟಿ. ಮಾಸ್ತರರು ಒಂದು ಟೇಪು, ಒಂದು ತಕ್ಕಡಿ ಇಟ್ಟುಕೊಂಡು ಮಾಡಬಹುದಾದ ಕೆಲಸ. ತಾಲ್ಲೂಕು ಪಂದ್ಯದಲ್ಲಿ ಮೀಸೆ ಮೂಡಿದ ಹುಡುಗ ಎಲ್ಲರನ್ನೂ ಕೆಡವಿ ಗೋಲು ಹೊಡೆಯುವಾಗ, ಅವನ ಬೆಳವಣಿಗೆ ಆಗಲೇ ಮುಗಿಯುತ್ತ ಬಂದಿರಬಹುದು. ಮೂಲೆಯಲ್ಲಿ ಸಣಕಲನೊಬ್ಬ ಮೈಬಲ ಇಲ್ಲದ್ದರಿಂದಲೇ ಚೆಂಡನ್ನು ಬೇಗ ದಾಟಿಸುವುದನ್ನು ಕಲಿಯುತ್ತಿರುತ್ತಾನೆ. ಹದಿನೇಳಕ್ಕೆ ಇಬ್ಬರ ಎತ್ತರವೂ ಒಂದಾದಾಗ, ಹೆಚ್ಚಿನ ಆಟ ಗೊತ್ತಿರುವುದು ಆ ಸಣಕಲನಿಗೆ. ಅಲ್ಲಿಯವರೆಗೆ ಅವನನ್ನು ಆಡಲು ಬಿಟ್ಟಿರಬೇಕು, ಅಷ್ಟೇ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು ವಯಸ್ಸಿನ ಬದಲು ದೇಹ ಎಷ್ಟು ಬಲಿತಿದೆ ಎಂಬುದನ್ನು ನೋಡಿ ಗುಂಪು ಕಟ್ಟುವ ಪಂದ್ಯಗಳನ್ನೂ ಆಡಿಸಿ ನೋಡಿವೆ.

ಇಷ್ಟೆಲ್ಲ ಅಳೆದರೂ ಗಬ್ಬೂರಿನ ಹುಡುಗನ ಬಗ್ಗೆ ನಾನು ಪಂದ್ಯ ಕಟ್ಟಲಾರೆ. ಅವನಿಗೂ ಕಾಲೇಜು ತಂಡಕ್ಕೂ ನಡುವೆ ಎಸ್ಸೆಸ್ಸೆಲ್ಸಿ ಇದೆ, ಅದರಾಚೆ ಪಿಯುಸಿಯ ಎರಡು ವರ್ಷ. ಬೆಳಗ್ಗೆ ಟ್ಯೂಷನ್, ಸಂಜೆ ಟ್ಯೂಷನ್. ಓದು ಹತ್ತದಿದ್ದರೆ ಗ್ಯಾರೇಜು ಅಥವಾ ಅಪ್ಪನ ಅಂಗಡಿ. ಆಟ ಬರದೆ ಬಿಟ್ಟವರಿಗಿಂತ ಇಲ್ಲಿ ಆಟ ಬಿಟ್ಟವರೇ ಹೆಚ್ಚು ಎಂಬುದು ನನ್ನ ಗುಮಾನಿ. ಮುಂದೆ ಸೇರುವ ಕಾಲೇಜಿನಲ್ಲಿ ಫುಟ್‌ಬಾಲ್ ತಂಡವೇ ಇಲ್ಲದಿದ್ದರೆ ಮೂಳೆ, ಮೈ, ತಿಂಗಳು ಯಾವುದೂ ಲೆಕ್ಕಕ್ಕಿಲ್ಲ.

ಒಂದೇ ಒಂದು ಅಳತೆ ಆರಿಸು ಎಂದರೆ ನಾನು ಎರಡನೇ ಪಿಯುಸಿ ಪರೀಕ್ಷೆ ಮುಗಿಯುವವರೆಗೆ ಕಾಯುತ್ತೇನೆ. ಏಪ್ರಿಲ್ ಸಂಜೆ ಮೈದಾನಕ್ಕೆ ಹೋಗಿ, ಐದು ವರ್ಷದ ಹಿಂದೆ "ಮುಂದ ಬರ್ತಾನ" ಅನ್ನಿಸಿಕೊಂಡಿದ್ದವರ ಪೈಕಿ ಯಾರು ಬಂದಿದ್ದಾರೆ ಎಂದು ಎಣಿಸುತ್ತೇನೆ. ಎರೆಮಣ್ಣು ಪಾದ ಹಿಡಿಸುವಷ್ಟು ಬಿರುಕು ಬಿಟ್ಟಿರುವ ತಿಂಗಳು ಅದು.