ಮಗು ಬರೆಯುತ್ತಿದೆಯೋ, ನೋಡಿ ಇಳಿಸುತ್ತಿದೆಯೋ?



2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದು ನಿಮಗೆ ನೆನಪಿರಬಹುದು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಮತ್ತೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮಧ್ಯೆ 'ವಿದ್ಯಾಗಮ' ಅಂತ ಮೇಷ್ಟ್ರು ಗುಡಿಕಟ್ಟೆಗೆ, ಮರದ ನೆರಳಿಗೆ ಬಂದು ಕಲಿಸಿದರು. ಅದೂ ನಡುವೆ ನಿಂತುಹೋಯಿತು. ಅಷ್ಟು ದಿನ ಮನೆಯೇ ಶಾಲೆ, ತಾಯಿಯೇ ಟೀಚರು.

ಆ ಸಮಯದಲ್ಲಿ ಸಂಘದ ಕೆಲಸಕ್ಕೆಂದು ಒಂದು ಮನೆಗೆ ಹೋಗಿದ್ದೆ. ತಾಯಿ ಬಹಳ ಸಂತೋಷದಿಂದ, "ನೋಡ್ರಿ ಮೇಡಂ, ನಮ್ ಹುಡುಗ ಎರಡು ನೋಟ್‌ಬುಕ್ ತುಂಬ್ಸ್ಯಾನೆ" ಎಂದು ತೋರಿಸಿದರು. ಅಕ್ಷರ ಮುತ್ತಿನಂಗೆ ಇದ್ದವು. ಹುಡುಗನನ್ನು ಕರೆದು, "ನಿಮ್ಮ ಆಡಿನ ಮರಿ ಹೆಸರೇನಪ್ಪ?" ಅಂದೆ. ಹೇಳಿದ. "ಅದನ್ನ ಇಲ್ಲಿ ಬರಿ ನೋಡೋಣ" ಅಂದೆ. ಅವನು ಸುತ್ತ ನೋಡಿ, "ಎಲ್ಲಿ ಐತ್ರಿ? ನೋಡಿ ಬರೀತೀನಿ" ಅಂದ.

ಅವನ ತಪ್ಪು ಏನೂ ಇಲ್ಲ. ಎರಡು ನೋಟ್‌ಬುಕ್ಕೂ ಪಾಠದ ಪುಸ್ತಕ ಎದುರಿಗಿಟ್ಟುಕೊಂಡು ಇಳಿಸಿದ್ದು. ಕೈ ಪಳಗಿತ್ತು, ಆದರೆ ಬಾಯಲ್ಲಿ ಇರುವ ಮಾತು ಅಕ್ಷರ ಆಗುತ್ತದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಈಗ ಶಾಲೆಗಳು ನಡೆಯುತ್ತಿವೆ. ಆದರೂ ನಮ್ಮ ಐದು ತಾಲ್ಲೂಕುಗಳಲ್ಲಿ ತಂದೆತಾಯಿ ಜೊತೆ ಗುಳೆ ಹೋಗುವ ಮಕ್ಕಳು, ಕಾಯಿಲೆಯಿಂದ ತಿಂಗಳುಗಟ್ಟಲೆ ಮನೆಯಲ್ಲಿ ಉಳಿಯುವ ಮಕ್ಕಳು ಇದ್ದೇ ಇದ್ದಾರೆ. ಅಂಥ ಮಕ್ಕಳಿಗೆ ಮನೆಯಲ್ಲೇ ನಾಲ್ಕಕ್ಷರ ಕಲಿಸುವ ತಾಯಂದಿರು, "ಮಗು ಮುಂದೆ ಹೋಗ್ತಾ ಐತೋ ಇಲ್ಲೋ ನಮಗೆ ಹೆಂಗೆ ಗೊತ್ತಾಗ್ಬೇಕು?" ಎಂದು ಕೇಳುತ್ತಾರೆ.

ಮೊದಲಿಗೆ ನಾವು ಮಾಡುವ ಒಂದು ತಪ್ಪು ಎಣಿಕೆ. ಅ ಆ ಇ ಈ ಇಂದ ಳ ವರೆಗೆ 49 ಅಕ್ಷರ ಬಾಯಿಪಾಠ ಒಪ್ಪಿಸಿದರೆ ಬರವಣಿಗೆ ಬಂತು ಅಂದುಕೊಳ್ಳುತ್ತೇವೆ, ಏಕೆಂದರೆ ನಾವು ಕಲಿತದ್ದು ಹಾಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ನಂತರ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ 'ನಲಿ-ಕಲಿ' ಪದ್ಧತಿಯಲ್ಲಿ ಆ ಕ್ರಮವೇ ಇಲ್ಲ. ಅಲ್ಲಿ ರ, ಗ, ಸ, ದ, ಅ ಮೊದಲು. ಯಾಕೆಂದರೆ ಈ ಐದೇ ಅಕ್ಷರ ಬಂದರೂ ಮಗು ಸರ, ಅರಸ, ಗರಗಸ ಎಂದು ಬರೆಯಬಹುದು. ಹೀಗಾಗಿ ನಿಮ್ಮ ಮಗು ಪೂರ್ತಿ ವರ್ಣಮಾಲೆ ಹೇಳದಿದ್ದರೂ ಐದಾರು ಅಕ್ಷರ ಕೂಡಿಸಿ ಹೊಸ ಪದ ಬರೆದರೆ ಅದು ಮುಂದೆ ಇದೆ ಎಂದೇ ಅರ್ಥ. 49 ಅಕ್ಷರವನ್ನೂ ಸಾಲಾಗಿ ಬರೆದು, ನಡುವಿನಿಂದ 'ಮ' ಒಂದನ್ನೇ ಕೇಳಿದರೆ ಮೊದಲಿನಿಂದ ಎಣಿಸಿಕೊಂಡು ಬರುವ ಮಗು ಇನ್ನೂ ಹಿಂದೆ ಇದೆ.

ಪರೀಕ್ಷೆಗೆ ಬೇರೆ ಪುಸ್ತಕ ಬೇಡ. ನಮ್ಮ ಊರುಗಳ ಹೆಸರೇ ಸಾಕು. ಬಸ್ಸಿನ ಬೋರ್ಡ್ ನೋಡಿ ಮಕ್ಕಳು "ಕೊಟ್ಟೂರು ಬಸ್ ಬಂತು" ಎಂದು ಕೂಗುತ್ತವೆ. ಅದು ಓದಿದ್ದಲ್ಲ, ಬೋರ್ಡಿನ ಗುರುತು. ಮನೆಗೆ ಬಂದ ಮೇಲೆ ಹೆಸರು ಹೇಳಿ, ನೋಡದೆ ಬರೆಯಲಿಕ್ಕೆ ಹೇಳಿ.

ಎಲ್ಲಕ್ಕಿಂತ ಸುಲಭ 'ಹಡಗಲಿ'. ನಾಲ್ಕೇ ಅಕ್ಷರ, ಕೊನೆಯದಕ್ಕೆ ಮಾತ್ರ ಗುಡಿಸು. ಇಷ್ಟು ಬಂದರೆ ಕಾಗುಣಿತದ ಬಾಗಿಲು ತೆರೆಯಿತು ಅನ್ನಿ. ಆಮೇಲೆ 'ಹರಪನಹಳ್ಳಿ'. ಹೆಸರು ಉದ್ದ, ಆದರೆ ಕಷ್ಟ ಇರುವುದು ಕೊನೆಯ ಒಂದು ಒತ್ತಕ್ಷರದಲ್ಲಿ ಮಾತ್ರ. 'ಕೊಟ್ಟೂರು' ಮೂರೇ ಅಕ್ಷರವಾದರೂ ಒಂದೇ ಅಕ್ಷರಕ್ಕೆ ಒತ್ತೂ ಇದೆ, ದೀರ್ಘವೂ ಇದೆ. 'ಹಗರಿಬೊಮ್ಮನಹಳ್ಳಿ'ಯಲ್ಲಿ ಎರಡು ಒತ್ತು. ಅದರಲ್ಲಿ ಳ ಒತ್ತು ಳ ತರಾನೇ ಕಾಣುತ್ತದೆ, ಮ ಒತ್ತು ಮಾತ್ರ ಮ ತರ ಕಾಣುವುದಿಲ್ಲ, ಅದನ್ನು ಬೇರೆಯಾಗೇ ಕಲಿಯಬೇಕು. (ದೊಡ್ಡವರೇ ಅರ್ಜಿಯಲ್ಲಿ 'ಹ.ಬೊ.ಹಳ್ಳಿ' ಎಂದು ಬರೆದು ಮುಗಿಸುತ್ತಾರೆ, ಮಗುವಿಗೆ ಅವಸರ ಮಾಡಬೇಡಿ.) ಎಲ್ಲಕ್ಕಿಂತ ಕಷ್ಟ 'ಕೂಡ್ಲಿಗಿ'. ಡ ಕೆಳಗೆ ಲ ಒತ್ತು, ಅಂದರೆ ಬೇರೆ ಅಕ್ಷರದ ಒತ್ತು.

ತಪ್ಪಿಗೆ ಬೈಯುವ ಮೊದಲು ಅದು ಎಂಥ ತಪ್ಪು ಎಂದು ನೋಡಬೇಕು. ಮಗು 'ಕೂಡಲಿಗಿ' ಎಂದು ಬರೆದರೆ ಅದು ಎಲ್ಲ ಶಬ್ದವನ್ನೂ ಸರಿಯಾಗಿ ಕೇಳಿಸಿಕೊಂಡಿದೆ, ಒತ್ತು ಮಾತ್ರ ಕಲಿತಿಲ್ಲ. 'ಅಜಿ', 'ಹಕಿ' ಎಂದು ಬರೆಯುವುದೂ ಹಾಗೆಯೇ. ಇವು ಒಳ್ಳೆಯ ತಪ್ಪುಗಳು, ಕಿವಿಯಿಂದ ಕೈಗೆ ದಾರಿ ಆಗುತ್ತಿದೆ ಎಂದು ತೋರಿಸುತ್ತವೆ. ಶಾಲೆಗೆ 'ಸಾಲಿ', ಹಾಲಿಗೆ 'ಆಲು' ಎಂದು ಬರೆದರೆ ನಗಬೇಡಿ. ಮನೆಯಲ್ಲಿ ನಾವು ಆಡುವುದೇ ಹಾಗೆ! ಪುಸ್ತಕದಲ್ಲಿ ಹೀಗೆ ಬರೀತಾರೆ ಎಂದು ಒಮ್ಮೆ ತೋರಿಸಿದರೆ ಸಾಕು. ಮ-ವ, ದ-ಧ, ಪ-ಷ ಅದಲುಬದಲಾಗುವುದು ಕಲಿಯುವ ಮಕ್ಕಳಲ್ಲಿ ಸಾಮಾನ್ಯ. ಆದರೆ ಕೇಳಿದ ಪದಕ್ಕೂ ಬರೆದ ಅಕ್ಷರಕ್ಕೂ ಸಂಬಂಧವೇ ಇಲ್ಲದಿದ್ದರೆ ಬರೆಸುವುದನ್ನು ಬಿಟ್ಟು ಮತ್ತೆ ಶಬ್ದ ಬಿಡಿಸಿ ಹೇಳುವ ಆಟಕ್ಕೆ ಹೋಗಬೇಕು. "ಮರ ಅನ್ನೋದ್ರಾಗೆ ಮೊದಲು ಏನು ಕೇಳುತ್ತೆ?" ಹೀಗೆ.

"ನನಗೇ ಓದು ಬರಲ್ಲ, ನಾನು ಹೆಂಗೆ ನೋಡ್ಲಿ?" ಎನ್ನುವ ಅಕ್ಕಂದಿರೂ ಇದನ್ನು ಮಾಡಬಹುದು. ಸಂತೆಗೆ ಹೋಗುವ ಹಿಂದಿನ ದಿನ ಮಗುವಿನ ಕೈಯಲ್ಲಿ ಚೀಟಿ ಬರೆಸಿ: ಬೆಲ್ಲ, ಉಪ್ಪು, ಎಣ್ಣೆ. ಮರುದಿನ ಆ ಚೀಟಿ ಕೊಟ್ಟು "ಏನು ಬರೆದೀಯ ಓದು" ಅನ್ನಿ. ತಾನೇ ಬರೆದದ್ದನ್ನು ಅದೇ ಪ್ರಕಾರ ಓದಿದರೆ ಅರ್ಧ ಗೆದ್ದಂತೆ. ಚೀಟಿಯನ್ನು ಅಂಗಡಿಯವರಿಗೆ ಕೊಡಿ, ಬಾಯಲ್ಲಿ ಏನೂ ಹೇಳಬೇಡಿ. ಉಪ್ಪು ಕೇಳಿದ್ದಕ್ಕೆ ಉಪ್ಪೇ ಬಂದರೆ ಮಗು ಬರೆಯುತ್ತಿದೆ. ಒತ್ತು ಬಿಟ್ಟಿದ್ದರೂ ಪರವಾಗಿಲ್ಲ.

ತಿಂಗಳಿಗೆ ಒಂದು ಹಾಳೆ ಸಾಕು. ಸಂಘದ ಸಭೆಯ ದಿನವನ್ನೇ ಗುರುತು ಇಟ್ಟುಕೊಳ್ಳಿ. ಪ್ರತಿ ತಿಂಗಳೂ ಅವೇ ಐದು ಪದ, ಜೊತೆಗೆ ಮಗುವಿನ ಸ್ವಂತ ಮಾತು ಒಂದು ಸಾಲು. ತಿದ್ದಬೇಡಿ, ಅಕ್ಕ ಅಣ್ಣ ಕೈಹಿಡಿದು ಬರೆಸುವುದೂ ಬೇಡ. ತಾರೀಕು ಹಾಕಿ ಪಾಸ್‌ಬುಕ್ ಜೊತೆ ಇಡಿ. ಮೂರು ತಿಂಗಳ ಹಾಳೆ ಪಕ್ಕಪಕ್ಕ ಇಟ್ಟಾಗ ಓದು ಬಾರದವರಿಗೂ ವ್ಯತ್ಯಾಸ ಕಾಣುತ್ತದೆ: ಅಕ್ಷರ ಚಿಕ್ಕದಾಗಿ ಒಂದೇ ಅಳತೆಗೆ ಬಂದಿರುತ್ತದೆ, ಪದಗಳ ನಡುವೆ ಜಾಗ ಬಿಟ್ಟಿರುತ್ತದೆ. ಪಕ್ಕದ ಮನೆ ಹುಡುಗಿಯ ನೋಟ್‌ಬುಕ್ ಜೊತೆ ಮಾತ್ರ ಹೋಲಿಸಬೇಡಿ, ಮಗುವನ್ನು ಅದರದೇ ಹಳೆಯ ಹಾಳೆ ಜೊತೆ ಹೋಲಿಸಿ. ಕೆಲವು ಮಕ್ಕಳು ಎರಡು ತಿಂಗಳು ಒಂದೇ ಕಡೆ ನಿಂತು ಮೂರನೇ ತಿಂಗಳಲ್ಲಿ ಒಮ್ಮೆಲೇ ಮುಂದೆ ಹೋಗುತ್ತಾರೆ.

ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಇದ್ಯಾವುದೂ ಬೇಡ. ಶೇಂಗಾ ಸುಲಿಯುವುದು, ರೊಟ್ಟಿ ಹಿಟ್ಟು ಉಂಡೆ ಮಾಡುವುದು, ಮಣ್ಣಿನ ಮೇಲೆ ಬೆರಳಿಂದ ಗೀಚುವುದು, ಇಷ್ಟೇ ಸಾಕು, ಬೆರಳಿಗೆ ಬಲ ಬರುತ್ತದೆ. ಎಡಗೈಯಲ್ಲಿ ಬಳಪ ಹಿಡಿದರೆ ಹೊಡೆದು ಬಲಗೈಗೆ ತರಬೇಡಿ.

ಏಳೆಂಟು ವರ್ಷವಾಗಿ, ಒಂದು ವರ್ಷ ಸರಿಯಾಗಿ ಕಲಿಸಿದರೂ ತನ್ನ ಹೆಸರು ಬರೆಯದಿದ್ದರೆ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದರೆ, ಕರೆದದ್ದು ಕೇಳಿಸದಿದ್ದರೆ 'ದಡ್ಡ' ಎನ್ನುವ ಮೊದಲು ಕಣ್ಣು, ಕಿವಿ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ತಪಾಸಣೆ ಮಾಡಬೇಕು. ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿ.

ಗುಳೆ ಹೋಗುವವರಿಗೆ ಇನ್ನೊಂದು ಮಾತು. ಮನೆಯಲ್ಲಿ ಎಷ್ಟೇ ಕಲಿಸಿದರೂ ಮಗುವನ್ನು ಶಾಲೆಯಿಂದ ಬಿಡಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಟಿ.ಸಿ. ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಎಂದು ವಾಪಸು ಕಳಿಸುವಂತಿಲ್ಲ. ಹಿಂದೆ ಬಿದ್ದ ಮಗುವಿಗೆ ವಿಶೇಷ ತರಬೇತಿ ಕೊಡಬೇಕೆಂದೂ ಅದರಲ್ಲಿ ಇದೆ. ಊರಿಗೆ ಮರಳಿದ ದಿನ ಆ ತಾರೀಕು ಹಾಕಿದ ಹಾಳೆಗಳನ್ನು ಟೀಚರಿಗೆ ಕೊಡಿ. ಮಗು ಕಾಗುಣಿತದಲ್ಲಿ ಇದೆಯೋ ಒತ್ತಕ್ಷರಕ್ಕೆ ಬಂದಿದೆಯೋ ಎಂದು ಅವರಿಗೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಜೋಪಡಿ ಸೋರುವ ಕಡೆ ಇರುವವರು ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡಿ.