ಗೀವರ್: ಗಣಿ ಮುಚ್ಚಿದ ಮೇಲೂ ಉಳಿದ ಊರು

ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ಪೆಂಡೀನ್ ಎಂಬ ಸಣ್ಣ ಊರಿದೆ. ರಸ್ತೆ ಬಿಟ್ಟು ಸಮುದ್ರದ ಕಡೆ ತಿರುಗಿದರೆ ಗೀವರ್ ತವರದ ಗಣಿಯ ಉಕ್ಕಿನ ಗೋಪುರ ಎದುರಾಗುತ್ತದೆ. ಅದರ ಕೆಳಗಿರುವುದು ಗಣಿಯ ಆಳಕ್ಕೆ ಇಳಿಯುವ ವಿಕ್ಟರಿ ಶಾಫ್ಟ್. ಮೊದಲ ಮಹಾಯುದ್ಧ ಮುಗಿದ ಸಂತೋಷಕ್ಕೆ ಇಟ್ಟ ಹೆಸರು ಅದು. ಆಚೆಗೆ ಕಡಿದಾದ ಬಂಡೆ, ಬಂಡೆಯ ಬುಡಕ್ಕೆ ಅಟ್ಲಾಂಟಿಕ್. ತವರದ ಅದಿರು ಹುಡುಕಿಕೊಂಡು ಇಲ್ಲಿನವರು ಕಡಲಿನ ತಳದ ಕೆಳಗೂ ಸುರಂಗ ಕೊರೆದಿದ್ದರು.

1985ರ ಅಕ್ಟೋಬರಿನಲ್ಲಿ ಜಗತ್ತಿನ ತವರದ ಮಾರುಕಟ್ಟೆ ಕುಸಿಯಿತು. ನಾಲ್ಕು ವರ್ಷಕ್ಕೂ ಹೆಚ್ಚು ಹೆಣಗಾಡಿದ ಗೀವರ್ 1990ರಲ್ಲಿ ಮುಚ್ಚಿತು. ಮರುವರ್ಷ ಪಂಪುಗಳು ನಿಂತು ಆಳದ ಸುರಂಗಗಳಿಗೆ ನೀರು ತುಂಬಿತು. ಕಬ್ಬಿಣವನ್ನೆಲ್ಲ ಗುಜರಿಗೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಹಾಗಾಗಲಿಲ್ಲ. ಕಾರ್ನ್‌ವಾಲ್ ಕೌಂಟಿ ಆಡಳಿತ ಜಾಗವನ್ನು ಕೊಂಡುಕೊಂಡಿತು, 1993ರಲ್ಲಿ ವಸ್ತುಸಂಗ್ರಹಾಲಯದ ಬಾಗಿಲು ತೆರೆಯಿತು. 2001ರಿಂದ ಅದನ್ನು ನಡೆಸುತ್ತಿರುವುದು ಪೆಂಡೀನಿನವರದೇ ಸಂಸ್ಥೆ.

ಅದಿರಿನ ಗಿರಣಿಯೊಳಗೆ ಸಾಲುಸಾಲಾಗಿ ಅಲುಗುವ ಮೇಜುಗಳಿವೆ. ಪುಡಿ ಮಾಡಿದ ಅದಿರನ್ನು ನೀರಿನೊಡನೆ ಇವುಗಳ ಮೇಲೆ ಹರಿಸಿದರೆ, ಮೊರದಲ್ಲಿ ಕೇರಿದಂತೆ, ಭಾರದ ತವರ ಒಂದು ಕಡೆ, ಹಗುರ ಕಲ್ಲಿನ ಪುಡಿ ಇನ್ನೊಂದು ಕಡೆ ಬೇರ್ಪಡುತ್ತದೆ. ಇನ್ನೊಂದು ಬದಿಯಲ್ಲಿ ವೀಲ್ ಮೆಕ್ಸಿಕೊ ಎಂಬ ಹಳೆಯ ಸುರಂಗ. ತಲೆಗೆ ಹೆಲ್ಮೆಟ್ ಇಟ್ಟು ಒಳಗೆ ಬಿಡುತ್ತಾರೆ. ಉಳಿ, ಸುತ್ತಿಗೆಗಳಿಂದ ಕಡಿದ ದಾರಿಯಾದ್ದರಿಂದ ಕೆಲವೆಡೆ ಬೆನ್ನು ಬಗ್ಗಿಸದೆ ಹೆಜ್ಜೆ ಸಾಗುವುದಿಲ್ಲ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಯಂತ್ರಗಳಲ್ಲ, ಕಾರ್ಮಿಕರು ಬಟ್ಟೆ ಬದಲಿಸಿ ಸ್ನಾನ ಮಾಡುತ್ತಿದ್ದ ಕೋಣೆ. ಇಲ್ಲಿನವರು ಅದನ್ನು 'ಡ್ರೈ' ಎನ್ನುತ್ತಾರೆ. ಕೊನೆಯ ಪಾಳಿ ಮುಗಿಸಿ ಹೋದವರು ಬಿಟ್ಟಂತೆಯೇ ಅದನ್ನು ಉಳಿಸಿದ್ದಾರೆ. ಕೆಂಪು ಮಣ್ಣು ಹಿಡಿದ ಅಂಗಿಗಳು, ಬೂಟುಗಳು, ಲಾಕರಿನ ಬಾಗಿಲಿಗೆ ಅಂಟಿಸಿದ ಚೀಟಿಗಳು, ಗೀಚಿದ ಮಾತುಗಳು. ಒಗೆದು ಮಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ಯಾರಿಗೂ ಅನ್ನಿಸದೆ ಹೋದದ್ದು ದೊಡ್ಡ ವಿವೇಕ. ಎಷ್ಟು ಟನ್ ತವರ ತೆಗೆದರೆಂಬುದು ಕಂಪನಿಯ ಲೆಕ್ಕದಲ್ಲಿ ಸಿಗುತ್ತದೆ. ತೆಗೆದವರು ಯಾರು, ಹೇಗಿದ್ದರು ಎನ್ನುವುದಕ್ಕೆ ಈ ಕೋಣೆಗೇ ಬರಬೇಕು. ಹಿಂದೆ ಇಲ್ಲೇ ದುಡಿದ ಕೆಲವರು ಸಂದರ್ಶಕರಿಗೆ ದಾರಿ ತೋರಿಸುವ ಕೆಲಸಕ್ಕೂ ನಿಂತರು. ಒಂದು ಡ್ರಿಲ್ ಎಷ್ಟು ಭಾರ ಎಂಬುದನ್ನು ಫಲಕಕ್ಕಿಂತ ಅದನ್ನು ಹೊತ್ತವನ ಬಾಯಿಂದ ಕೇಳಬೇಕು.

ದಂಡೆಯ ಮೇಲೆ ಸ್ವಲ್ಪ ನಡೆದರೆ ಲೆವಂಟ್ ಗಣಿ. ಅಲ್ಲಿ ಕಾರ್ಮಿಕರು ಮೇಲೆ ಕೆಳಗೆ ಚಲಿಸುವ ಉದ್ದನೆಯ ತೊಲೆಯ ಮೆಟ್ಟಿಲುಗಳ ಮೇಲೆ ನಿಂತು ಶಾಫ್ಟಿನಲ್ಲಿ ಇಳಿದು ಹತ್ತುತ್ತಿದ್ದರು. 1919ರ ಅಕ್ಟೋಬರ್ 20ರಂದು ತೊಲೆಯ ಮೇಲ್ತುದಿಯ ಜೋಡಣೆ ಮುರಿದು 31 ಮಂದಿ ಸತ್ತರು. ಅಲ್ಲಿನ ಹಳೆಯ ಉಗಿ ಎಂಜಿನ್ನನ್ನು ಸ್ವಯಂಸೇವಕರು ವರ್ಷಗಟ್ಟಲೆ ಉಜ್ಜಿ, ಸರಿಪಡಿಸಿ ಮತ್ತೆ ಓಡಿಸಿದ್ದಾರೆ. ಕಾರ್ನ್‌ವಾಲಿನ ಈ ಗಣಿ ಪ್ರದೇಶಗಳು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಇದನ್ನೆಲ್ಲ ನೋಡುವಾಗ ಕೋಲಾರದ ಚಿನ್ನದ ಗಣಿ, ಅಂದರೆ ಕೆ.ಜಿ.ಎಫ್., ನೆನಪಾಗದೆ ಇರದು. ಸಂಬಂಧ ಬರೀ ನೆನಪಿನದಲ್ಲ. 1880ರ ಹೊತ್ತಿಗೆ ಕೆ.ಜಿ.ಎಫ್.ಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ, ಆಳದ ಗಣಿಗಾರಿಕೆ ಬಲ್ಲ ಕಾರ್ನ್‌ವಾಲಿನವರು ಅಲ್ಲಿ ದುಡಿಯಲು ಹೋದರು. ಅವರ ಜೊತೆ, ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಸಂಖ್ಯೆಯಲ್ಲಿ, ತಮಿಳು, ತೆಲುಗು, ಕನ್ನಡ ಮಾತಾಡುವವರು ಇಳಿದರು. ಅಲ್ಲಿನ ಚಾಂಪಿಯನ್ ರೀಫ್ ಗಣಿ 3,000 ಮೀಟರಿಗೂ ಆಳಕ್ಕೆ ಹೋಯಿತು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂತು. ಪೆಂಡೀನಿನವರು ತಮ್ಮ ಗಣಿಯ ಹೊಣೆ ಹೊತ್ತ 2001ರಲ್ಲೇ, ಫೆಬ್ರವರಿ 28ರಂದು, ಕೆ.ಜಿ.ಎಫ್. ಮುಚ್ಚಿತು.

ಎರಡು ಊರಿನ ದುಡಿಮೆ ಒಂದೇ ಬಗೆಯದು, ದುಡಿದವರ ಗುರುತು ಉಳಿದ ಬಗೆ ಮಾತ್ರ ಬೇರೆ. ಕೆ.ಜಿ.ಎಫ್.ನ ದೊರೆಗಳ ಬಂಗಲೆ, ಕ್ಲಬ್ಬುಗಳ ಚಿತ್ರ ಎಲ್ಲರಿಗೂ ಗೊತ್ತು. ಕಾರ್ಮಿಕರ ಲೈನ್ ಮನೆಗಳಲ್ಲಿ ಬದುಕಿದವರ ಹೆಲ್ಮೆಟ್, ಟಿಫಿನ್ ಡಬ್ಬಿ, ಹಾಜರಿ ಬಿಲ್ಲೆ, ಸಂಬಳದ ಚೀಟಿಗಳಿಗೂ ಅಷ್ಟೇ ಮರ್ಯಾದೆಯ ಜಾಗ ಬೇಕು. 2001ರಲ್ಲಿ ಐವತ್ತಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

ನಿಮ್ಮ ಮನೆಯಲ್ಲಿ ಕೆ.ಜಿ.ಎಫ್. ಕಂಡವರಿದ್ದರೆ ಇವತ್ತೇ ಕೂತು ಕೇಳಿ. ಯಾವ ಶಾಫ್ಟ್, ಯಾವ ಪಾಳಿ, ಜೊತೆಗಿದ್ದವರು ಯಾರು ಎಂಬುದನ್ನು ಅವರದೇ ಭಾಷೆಯಲ್ಲಿ ಮೊಬೈಲಿನಲ್ಲಿ ದಾಖಲಿಸಿ. ಹಳೆಯ ಫೋಟೋಗಳ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು, ವರ್ಷ ಬರೆಯಿರಿ. ಹಾಜರಿ ಬಿಲ್ಲೆಯನ್ನು ಹಿತ್ತಾಳೆಯ ಬೆಲೆಗೆ ಮಾರಬೇಡಿ.